ಧೂಳನ್ನೂ ತೂಗಿ ಕೊಡಬೇಕು

ಮನೆ ಪತ್ರ ಬ್ಯಾಂಕಿಗಿಟ್ಟು ಅಂಗಡಿ ಹಾಕಬೇಕು ಅಂದುಕೊಂಡವರು ಮೊದಲು ನನ್ನ ಹತ್ತಿರ ಬರುತ್ತಾರೆ. ಬಂದು ಚಹಾ ಕುಡಿದು, ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ನೆಟ್ಟಗೆ ಹೋಗಿ ಸಾಲ ತೆಗೆಯುತ್ತಾರೆ. ಹಾಗಾಗಿ ಹೇಳುವುದನ್ನು ಬಿಟ್ಟು ಬರೆಯುತ್ತಿದ್ದೇನೆ. ಓದಿಯೂ ಅದನ್ನೇ ಮಾಡುತ್ತೀರಿ, ಗೊತ್ತು. ಆದರೆ ಆಮೇಲೆ ಬಂದು ನನ್ನ ಜಗಲಿ ಮೇಲೆ ಕೂತು ಅಳಬಾರದು. ಅಷ್ಟಕ್ಕೆ ಈ ಬರವಣಿಗೆ.

ನನ್ನ ಹೆಸರು ಇಮಾಂಬಿ. ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಅಕ್ಷರ ಕೂಡಿಸಿ ಓದುತ್ತೇನೆ, ಬರೆಯುತ್ತೇನೆ. ಒತ್ತಕ್ಷರ ತಪ್ಪಿದರೆ ಮೊಮ್ಮಗಳು ತಿದ್ದುತ್ತಾಳೆ. ಹೊಸದುರ್ಗದ ಬಸ್ ಸ್ಟ್ಯಾಂಡಿನಿಂದ ಎರಡು ಓಣಿ ಆಚೆ ನಮ್ಮ ಹಾಸಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನಮ್ಮ ಯಜಮಾನರು ದಸ್ತಗೀರ್ ಸಾಬರು ಹತ್ತಿ ಹಿಂಜುತ್ತಿದ್ದರು, ನಾನು ದಬ್ಬಣ ಹಿಡಿದು ಹೊಲಿಯುತ್ತಿದ್ದೆ. ನಲವತ್ತು ವರ್ಷ ಈ ಕೆಲಸ ಮಾಡಿದೆ. ಅದರಲ್ಲಿ ಏಳು ವರ್ಷ ಮನೆ ಬ್ಯಾಂಕಿನ ಕೈಯಲ್ಲಿತ್ತು. ಆ ಏಳು ವರ್ಷದ್ದೇ ಇಲ್ಲಿ ಬರೆಯುವುದು. ಉಳಿದ ವರ್ಷಗಳಲ್ಲಿ ಹೊಲಿದೆ, ಉಂಡೆ, ಮಲಗಿದೆ. ಬರೆಯುವಂಥದ್ದು ಏನೂ ಇಲ್ಲ.

ಮೊದಲು ಕೆಲಸ ಏನೆಂದು ತಿಳಿಯಬೇಕು. ಈಗಿನವರು ಹಾಸಿಗೆ ಎಂದರೆ ಪ್ಲಾಸ್ಟಿಕ್ ಹೊದ್ದುಕೊಂಡು ಲಾರಿಯಲ್ಲಿ ಬರುವ ವಸ್ತು ಎಂದುಕೊಂಡಿದ್ದಾರೆ. ಆಗ ಹಾಸಿಗೆಯನ್ನು ಮಾಡುತ್ತಿದ್ದರು. ಹತ್ತಿ ತಂದು ಕೊಡುತ್ತಿದ್ದರು, ಇಲ್ಲವೆ ಹಳೆ ಹಾಸಿಗೆಯನ್ನೇ ಹೊತ್ತು ತರುತ್ತಿದ್ದರು. ಹತ್ತು ವರ್ಷ ಜನ ಮಲಗಿ ಮಲಗಿ ಹತ್ತಿ ಕಲ್ಲಾಗಿರುತ್ತಿತ್ತು. ಅದನ್ನು ಬಿಚ್ಚಿ, ಹಿಂಜಿ, ಧೂಳು ಹಾರಿಸಿ, ಹೊಸ ಪಟ್ಟೆ ಬಟ್ಟೆಗೆ ತುಂಬಿ ಹೊಲಿದು ಕೊಡಬೇಕು.

ಹಾಸಿಗೆ ತಂದವರು ಬಿಟ್ಟು ಹೋಗುತ್ತಿರಲಿಲ್ಲ. ಮನೆಯ ಒಬ್ಬ ಮುದುಕಿಯನ್ನು ಕಾವಲಿಗೆ ಕೂರಿಸಿ ಹೋಗುತ್ತಿದ್ದರು. ಹಿಂಜುವವರು ಹೊಸ ಹತ್ತಿ ಕದ್ದು ಹಳೆಯದು ತುಂಬುತ್ತಾರೆ ಎಂಬುದು ಲೋಕದ ನಂಬಿಕೆ. ಸುಳ್ಳಲ್ಲ, ಕದಿಯುವವರು ಇದ್ದರು. ಶ್ರೀರಾಂಪುರದ ಕಡೆಯಿಂದ ಹಾಲಮ್ಮಜ್ಜಿ ಎಂಬಾಕೆ ಬರುತ್ತಿದ್ದಳು. ಎಲೆಅಡಿಕೆ ಚೀಲ ಬಿಚ್ಚಿ ಅಂಗಡಿ ಬಾಗಿಲಲ್ಲಿ ಕೂತರೆ ಸಂಜೆ ಬಸ್ಸಿನವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ.

‘ಏನ್ ಸಾಬ್ರೆ, ನನ್ನ ಹತ್ತಿ ಕಮ್ಮಿ ಕಾಣ್ತೈತಲ್ಲ?’

‘ಹಿಂಜಿದ ಮ್ಯಾಲೆ ಉಬ್ತೈತೆ. ಸುಮ್ನೆ ಕುಂತ್ಕಳ್ಳವ್ವ.’

‘ಉಬ್ಬಾದು ನಂಗೂ ಗೊತ್ತೈತೆ. ಹಾರೋಗಾದು ಗೊತ್ತಿಲ್ಲ ಅನ್ಕಂಡ್ಯಾ?’

ಅದಕ್ಕೇ ನಮ್ಮ ಮಾವ ಒಂದು ಪದ್ಧತಿ ಇಟ್ಟಿದ್ದರು. ಬಂದ ಹಾಸಿಗೆಯ ಹತ್ತಿ ತೂಗುವುದು. ಹಿಂಜಿ ಆದ ಮೇಲೆ ಮತ್ತೆ ತೂಗುವುದು. ಕಮ್ಮಿ ಬಂದದ್ದು ಧೂಳು, ಬೀಜದ ಚೂರು, ಕಸ. ಆ ಕಸವನ್ನೂ ಗುಡಿಸಿ, ಹಳೆ ಬಟ್ಟೆಯಲ್ಲಿ ಗಂಟು ಕಟ್ಟಿ, ತೂಗಿ, ಹಾಸಿಗೆಯ ಜೊತೆ ಕೈಗೆ ಕೊಡುವುದು. ಹಾಲಮ್ಮಜ್ಜಿ ಆ ಗಂಟನ್ನು ಮೂಸಿ ನೋಡಿ, ‘ಥೂ’ ಎಂದು ನಮ್ಮ ಚರಂಡಿಗೇ ಸುರಿದು ಹೋಗುತ್ತಿದ್ದಳು. ಆದರೆ ಮುಂದಿನ ಸಲ ನಮ್ಮ ಅಂಗಡಿಗೇ ಬರುತ್ತಿದ್ದಳು. ಹಾಸಿಗೆಯೊಳಗೆ ಏನು ಸಿಕ್ಕರೂ ವಾಪಸು ಕೊಡುವುದು ಇನ್ನೊಂದು ಪದ್ಧತಿ. ಮೂಗುತಿ ಸಿಕ್ಕಿದೆ, ಸೊಸೆಗೆ ಗೊತ್ತಾಗದಂತೆ ಇಟ್ಟ ನೋಟು ಸಿಕ್ಕಿದೆ, ಮಾವನಿಗೆ ಗೊತ್ತಾಗದಂತೆ ಇಟ್ಟ ಬಾಟಲಿ ಸಿಕ್ಕಿದೆ. ಜನ ಬಚ್ಚಿಡುವುದರಲ್ಲಿ ಎಷ್ಟು ದಡ್ಡರು ಎಂದು ನನ್ನಷ್ಟು ಬಲ್ಲವರು ತಾಲ್ಲೂಕಿನಲ್ಲಿ ಇಲ್ಲ.

ಹತ್ತಿ ಬಡಿಯುವ ಬಿಲ್ಲಿನಲ್ಲಿ ಕೈಯಿಂದ ಹಿಂಜಿದರೆ ದಿನಕ್ಕೆ ಒಂದು ಹಾಸಿಗೆ, ಹೆಚ್ಚೆಂದರೆ ಒಂದೂವರೆ. ಮೆಷೀನಾದರೆ ಆರು. ಹೊಳಲ್ಕೆರೆಯಲ್ಲಿ ಯಾರೋ ಮೆಷೀನು ತಂದದ್ದನ್ನು ನೋಡಿ ಬಂದ ದಿನದಿಂದ ನಮ್ಮ ಯಜಮಾನರಿಗೆ ನಿದ್ದೆ ಇಲ್ಲ. ದಿನಕ್ಕೆ ಆರು ಹಾಸಿಗೆ ಮಾಡಿಸುವಷ್ಟು ಜನ ಎಲ್ಲಿದ್ದಾರೆ ಎಂದು ಅವರೂ ಕೇಳಿಕೊಳ್ಳಲಿಲ್ಲ, ನಾನೂ ಕೇಳಲಿಲ್ಲ. ಮೊದಲ ತಪ್ಪು ಅದೇ. ಬ್ಯಾಂಕಿನದಲ್ಲ, ನಮ್ಮದು.

ಮೆಷೀನಿಗೆ ಸಾಲ ಕೇಳಲು ಬ್ಯಾಂಕಿಗೆ ಹೋದೆವು. ಮ್ಯಾನೇಜರು ಬಹಳ ಒಳ್ಳೆಯ ಮನುಷ್ಯ. ಸಾಲ ಕೊಡುವಾಗ ಎಲ್ಲರೂ ಒಳ್ಳೆಯವರೇ. ಕುರ್ಚಿ ಹಾಕಿಸಿದರು, ನೀರು ತರಿಸಿದರು. ‘ಮನೆ ಪತ್ರ ಸುಮ್ನೆ ಒಂದು ಪದ್ಧತಿಗೆ ಅಷ್ಟೇ ಅಮ್ಮಾ, ನಮ್ಮ ಬೀರುವಿನಲ್ಲಿ ಭದ್ರವಾಗಿರ್ತದೆ’ ಎಂದರು. ನಮ್ಮ ಮನೆಯಲ್ಲಿ ಅದಕ್ಕೆ ಏನು ಅಭದ್ರ ಇತ್ತು ಎಂದು ಕೇಳಬೇಕಿತ್ತು. ಹನ್ನೊಂದು ಹಾಳೆಯ ಕ್ರಯಪತ್ರ. ಎಣಿಸಿ ಕೊಟ್ಟೆ. ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅದು.

‘ತಿಂಗಳ ಕಂತು ಒಟ್ಟಿಗೆ ಕಟ್ಟೋದು ಭಾರ ಆಗ್ತದೆ. ಒಂದು ಪಿಗ್ಮಿ ಮಾಡ್ಸಿ, ದಿನಾ ಇಷ್ಟಿಷ್ಟು ಕಟ್ಟಿ’ ಎಂದು ಅದನ್ನೂ ಅವರೇ ಮಾಡಿಸಿದರು. ಪಿಗ್ಮಿ ಎಂದರೆ ದಿನಾ ಅಂಗಡಿಗೇ ಬಂದು ವಸೂಲಿ ಮಾಡಿಕೊಂಡು ಹೋಗುವ ಉಳಿತಾಯ. ಮೊದಲು ಬರುತ್ತಿದ್ದ ವಯಸ್ಸಾದ ಕಲೆಕ್ಟರು ಯಜಮಾನರಿಂದ ಹಣ ತೆಗೆಯುವ ಒಂದು ಕಟ್ಟು ಚೀಟಿಗೆ ಒಟ್ಟಿಗೇ ಸಹಿ ಹಾಕಿಸಿಕೊಂಡು, ತಿಂಗಳಿಗೊಂದು ಚೀಟಿ ಬ್ಯಾಂಕಿಗೆ ಕೊಟ್ಟು, ಪಿಗ್ಮಿ ಹಣವನ್ನು ಸಾಲಕ್ಕೆ ಜಮಾ ಮಾಡಿಸುತ್ತಿದ್ದರು. ನಮಗೆ ಅದು ಗೊತ್ತಿರಲಿಲ್ಲ. ಪಿಗ್ಮಿ ಕಟ್ಟುವುದೇ ಸಾಲ ಕಟ್ಟುವುದು ಎಂದುಕೊಂಡಿದ್ದೆವು. ಅವರು ಕಣ್ಣು ಮಂಜಾಗಿ ಕೆಲಸ ಬಿಟ್ಟರು. ತಿಪ್ಪೇಶ ಎಂಬ ಹೊಸಬ ಬಂದ. ಸಹಿ ಹಾಕಿದ ಚೀಟಿ ಮುಗಿದಿತ್ತು. ಯಾರೂ ಹೇಳಲಿಲ್ಲ.

ದಿನಾ ಸಂಜೆ ಸ್ಕೂಟರ್ ನಿಲ್ಲಿಸಿ ತಿಪ್ಪೇಶ ಹಣ ಎಣಿಸಿಕೊಳ್ಳುವನು. ಯಜಮಾನರು ದಿನಾ ಅದೇ ಮಾತು ಹೇಳುವರು.

‘ಸಾಲಕ್ಕೆ ಹಾಕಪ್ಪ ತಿಪ್ಪೇಶ.’

‘ಆಯ್ತು ಕಣಣ್ಣ.’

ಅವನು ಸುಳ್ಳ ಅಲ್ಲ. ಎಲ್ಲರಿಗೂ ಎಲ್ಲದಕ್ಕೂ ‘ಆಯ್ತು ಕಣಣ್ಣ’ ಎನ್ನುವವನು. ಸುಳ್ಳನಿಗಿಂತ ಇಂಥವನು ಅಪಾಯ.

ಒಂದು ವರ್ಷದ ಮೇಲೆ ಎರಡು ತಿಂಗಳು ಹೀಗೆ ನಡೆಯಿತು. ಅತ್ತ ಪಿಗ್ಮಿ ಬೆಳೆಯುತ್ತಿತ್ತು, ಇತ್ತ ಸಾಲಕ್ಕೆ ಒಂದು ಪೈಸೆ ಹೋಗುತ್ತಿರಲಿಲ್ಲ. ಎರಡೂ ಅದೇ ಬ್ಯಾಂಕು, ಅದೇ ಕೋಣೆ, ಅದೇ ಫ್ಯಾನಿನ ಕೆಳಗೆ ಎರಡು ಮೇಜು. ಈ ಮೇಜಿನವನು ನಮಗೆ ನೋಟಿಸು ಬರೆಯುತ್ತಿದ್ದ, ಆ ಮೇಜಿನವನು ನಮ್ಮ ದುಡ್ಡು ಎಣಿಸುತ್ತಿದ್ದ. ಇಬ್ಬರೂ ಒಂದೇ ಕ್ಯಾಂಟೀನಿನ ಚಹಾ ಕುಡಿಯುತ್ತಿದ್ದರು. ನೋಟಿಸುಗಳು ಬಂದಿದ್ದವು, ಇಲ್ಲವೆನ್ನುವುದಿಲ್ಲ. ಎಲ್ಲ ಇಂಗ್ಲಿಷು. ಮೊಹರು ಇದ್ದದ್ದರಿಂದ ಯಜಮಾನರು ರಸೀದಿ ಎಂದುಕೊಂಡು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದರು. ಓದಲು ಬಾರದ ಕಾಗದಕ್ಕೆ ಮರ್ಯಾದೆ ಕೊಡುವ ರೋಗ ನಮ್ಮ ಜನಕ್ಕೆ ಇದೆ. ಓಣಿಯ ತುದಿಯಲ್ಲೇ ಹೈಸ್ಕೂಲು ಮೇಷ್ಟರಿದ್ದರು, ತೋರಿಸಬಹುದಿತ್ತು. ಸಾಲ ಇರುವುದು ಮೇಷ್ಟರಿಗೆ ಗೊತ್ತಾಗುತ್ತದೆಂದು ತೋರಿಸಲಿಲ್ಲ. ಮರ್ಯಾದೆ ಉಳಿಯಿತು.

ಕೊನೆಗೆ ಕನ್ನಡದ ನೋಟಿಸು ಬಂತು. ಅದನ್ನು ಕೈಗೆ ಕೊಡಲಿಲ್ಲ, ಅಂಗಡಿ ಬಾಗಿಲಿಗೆ ಅಂಟಿಸಿ ಹೋದರು. ಬೆಳಿಗ್ಗೆ ಬಾಗಿಲು ತೆಗೆಯಲು ಹೋದ ನಾನು ಅಕ್ಷರ ಕೂಡಿಸಿ ಓದಿದೆ. ‘ಸುಸ್ತಿದಾರರು’ ಎಂದಿತ್ತು. ಕಂತು ಬಾಕಿ ಉಳಿಸಿಕೊಂಡವರು ಎಂದು ಅರ್ಥ. ಕೆಳಗೆ ‘ಹರಾಜು’ ಎಂದಿತ್ತು. ಅದಕ್ಕೆ ಅರ್ಥ ಕೇಳಬೇಕಾಗಿರಲಿಲ್ಲ.

ಬಿಸ್ಕತ್ತಿನ ಡಬ್ಬಿ ಹಿಡಿದು ಬ್ಯಾಂಕಿಗೆ ಹೋದೆವು. ಒಳ್ಳೆಯ ಮ್ಯಾನೇಜರು ವರ್ಗವಾಗಿದ್ದರು, ಹೊಸಬರಿಗೆ ಕುರ್ಚಿ ಹಾಕಿಸುವ ಅಭ್ಯಾಸ ಇರಲಿಲ್ಲ. ಪಿಗ್ಮಿ ಮುರಿದು ಸಾಲಕ್ಕೆ ಹಾಕಿ ಎಂದೆವು. ಹಾಕಿದರು. ಅವಧಿಗೆ ಮುಂಚೆ ಮುರಿದದ್ದಕ್ಕೆ ಅಲ್ಲಿ ಕಡಿತ, ತಡವಾಗಿ ಕಟ್ಟಿದ್ದಕ್ಕೆ ಇಲ್ಲಿ ದಂಡಬಡ್ಡಿ. ಬೇಗ ತೆಗೆದರೂ ತಪ್ಪು, ತಡವಾಗಿ ಕಟ್ಟಿದರೂ ತಪ್ಪು, ಒಂದೇ ದುಡ್ಡಿಗೆ. ಕಳ್ಳರಾದರೆ ಒಂದು ಕಡೆಯಿಂದ ಬರುತ್ತಾರೆ.

ಅಷ್ಟಾದರೂ ದುಡಿದು ತೀರಿಸಬಹುದಿತ್ತು. ಆಗಲೇ ಐಮಂಗಲದ ಹತ್ತಿರ ಹೈವೇ ಪಕ್ಕ ಲಾಡ್ಜು ಕಟ್ಟಿದವನೊಬ್ಬ ಇಪ್ಪತ್ತು ಹಾಸಿಗೆ ಹೇಳಿದ. ಹತ್ತಿ ಕಡ ತಂದೆವು. ಹಗಲೆಲ್ಲ ಹೊಲಿದು ದಬ್ಬಣದ ಹಿಂಬದಿ ಒತ್ತಿ ಒತ್ತಿ ನನ್ನ ಹೆಬ್ಬೆರಳಿಗೆ ತೂತು ಬಿದ್ದಿತು. ಹತ್ತರ ದುಡ್ಡು ಕೊಟ್ಟ. ಉಳಿದದ್ದಕ್ಕೆ ಹೋದರೆ ನಮ್ಮ ಹಾಸಿಗೆಗಳೆಲ್ಲ ಹಿತ್ತಿಲಲ್ಲಿ ಬಿದ್ದಿದ್ದವು. ಒಳಗೆ ಮಂಚಗಳ ಮೇಲೆ ಫೋಮು.

‘ಗಿರಾಕಿಗಳು ಹತ್ತಿ ಹಾಸಿಗೆ ಬ್ಯಾಡ ಅಂತಾರೆ ಸಾಬ್ರೆ. ತಿಗಣೆ ಅಂತೆ.’

‘ಹೊಸಾ ಹಾಸಿಗ್ಯಾಗೆ ತಿಗಣೆ ಎಲ್ಲಿಂದ ಬಂತಪ್ಪ?’ ಎಂದರು ಯಜಮಾನರು.

‘ನಂಗೇನ್ ಗೊತ್ತು. ನಿಮ್ಮ ಮಾಲು, ತಗಂಡೋಗ್ರಿ.’

‘ನಿನ್ನ ಗಿರಾಕಿ ತಂದಿರ್ತಾನೆ’ ಎಂದೆ ನಾನು. ‘ಎರಡು ಗಂಟೆ ಮಲಗಾಕೆ ಬರೋರು ಯಾರಂತ ನಂಗೇನು ಗೊತ್ತಿಲ್ವಾ? ತಿಗಣೆಗೇ ನಾಚಿಕೆ ಆಗಿರ್ಬೇಕು.’

ಮಾತಿನಲ್ಲಿ ಗೆದ್ದೆ. ದುಡ್ಡು ಬರಲಿಲ್ಲ. ಮಾತಿನಲ್ಲಿ ಗೆದ್ದು ಬಂದವರು ಲಾರಿ ಬಾಡಿಗೆಯನ್ನೂ ತಾವೇ ಕೊಡಬೇಕಾಗುತ್ತದೆ, ಇದನ್ನು ನೆನಪಿಡಿ.

ಆಮೇಲೆ ನೆಂಟರು ಬುದ್ಧಿ ಹೇಳಲು ಬಂದರು. ನಾದಿನಿಯ ಗಂಡ ಚಿನ್ನ ಅಡವಿಟ್ಟು ಕಂತು ಕಟ್ಟು ಎಂದ. ಇನ್ನೊಬ್ಬರು ಸಂಘದಲ್ಲಿ ಸಾಲ ತೆಗೆದು ಬ್ಯಾಂಕಿಗೆ ಕಟ್ಟು ಎಂದರು. ಗುಂಡಿ ಮುಚ್ಚಲು ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡುವ ಈ ಬುದ್ಧಿ ಹೇಳುವವರಾರೂ ಸಲಿಕೆ ಹಿಡಿಯಲು ಬರುವುದಿಲ್ಲ. ನಾನು ಯಾವುದನ್ನೂ ಮಾಡಲಿಲ್ಲ. ಚಿತ್ರದುರ್ಗದ ದೊಡ್ಡ ಕಚೇರಿಯಲ್ಲಿ ಕೂತವರು ತೀರ್ಮಾನ ಮಾಡುತ್ತಾರೆ ಎಂದು ಕ್ಯಾಷಿನವನು ಬಾಯಿ ಬಿಟ್ಟಿದ್ದ. ಯಜಮಾನರನ್ನು ಕರೆದೆ.

‘ಹೋಗಾಣ ನಡೀರಿ.’

‘ನಾ ಬರಲ್ಲ. ಅವರ ಮುಂದೆ ಕೈ ಕಟ್ಟಿ ನಿಂತ್ಕಳಾಕೆ ನನ್ ಕೈಲಾಗಲ್ಲ.’

‘ಕೈ ಕಟ್ಟಬ್ಯಾಡ್ರಿ. ಬಿಸ್ಕತ್ತಿನ ಡಬ್ಬಿ ಹಿಡ್ಕಳ್ರಿ.’

ಬರಲಿಲ್ಲ. ಒಬ್ಬಳೇ ಹೊಳಲ್ಕೆರೆ ಮೇಲಿನ ಬಸ್ಸು ಹತ್ತಿ ಹೋದೆ.

ದೊಡ್ಡ ಕಚೇರಿಯ ಸಾಹೇಬರು ಕಂಪ್ಯೂಟರು ನೋಡಿ ಬಾಕಿ ಹೇಳಿದರು. ನಾವು ತೆಗೆದ ಸಾಲ, ಕಟ್ಟಿದ್ದೆಲ್ಲ ಕಳೆದ ಮೇಲೂ, ತೆಗೆದಾಗ ಇದ್ದಷ್ಟೇ ಇತ್ತು.

‘ನಾವು ಕಟ್ಟಿದ್ದು ಎಲ್ಲಿಗೋತು ಸಾರ್?’

‘ಬಡ್ಡಿ, ದಂಡಬಡ್ಡಿ, ಖರ್ಚು. ಎಲ್ಲಾ ಲೆಕ್ಕದಲ್ಲಿದೆ.’

‘ಖರ್ಚು ಅಂದ್ರೆ?’

‘ಅದೆಲ್ಲ ನಿಮಗೆ ಅರ್ಥ ಆಗಲ್ಲಮ್ಮ.’

‘ಸಾರ್, ನಾವು ಹತ್ತಿ ಹಿಂಜೋರು. ಹತ್ತು ಕೇಜಿ ತಗಂಡು ಒಂಬತ್ತೂವರೆ ಕೊಟ್ರೆ, ಉಳಿದ ಅರ್ಧ ಕೇಜಿ ಧೂಳನ್ನೂ ಗಂಟು ಕಟ್ಟಿ ತೂಗಿ ಕೊಡ್ತೀವಿ. ಗಿರಾಕಿ ಅದನ್ನ ಚರಂಡಿಗೆ ಹಾಕ್ಲಿ, ತಲೆ ಮ್ಯಾಲೆ ಹಾಕ್ಕಳ್ಳಿ. ನಮ್ಮ ಕೆಲಸ ಕೊಡಾದು. ನಂದು ಧೂಳು ತೋರಿಸ್ರಿ.’

‘ಇದು ಹತ್ತಿ ಅಂಗಡಿ ಅಲ್ಲಮ್ಮ.’

‘ಕಾಣ್ತೈತೆ ಸಾರ್. ಅಂಗಡಿ ಆಗಿದ್ರೆ ತಕ್ಕಡಿ ಇರ್ತಿತ್ತು.’

ಎದ್ದು ಹೋಗು ಎಂದರು. ಬಾಗಿಲ ಪಕ್ಕದ ಬೆಂಚಿನ ಮೇಲೆ ಹೋಗಿ ಕೂತೆ. ಸಂಜೆ ಮುಚ್ಚುವವರೆಗೂ ಕೂತೆ. ಮಾರನೆ ದಿನ ಮೊದಲ ಬಸ್ಸಿಗೆ ಹೋಗಿ ಮತ್ತೆ ಕೂತೆ. ಜಗಳ ಮಾಡಲಿಲ್ಲ, ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಹಾಲಮ್ಮಜ್ಜಿ ನಮ್ಮ ಬಾಗಿಲಲ್ಲಿ ಕೂತು ನಮ್ಮ ಕೈಯನ್ನೇ ನೋಡುತ್ತಿದ್ದ ಹಾಗೆ ಅವರ ಕೈಯನ್ನೇ ನೋಡುತ್ತ ಕೂತೆ. ಎಷ್ಟು ವರ್ಷ ಆ ಮುದುಕಿಯನ್ನು ಒಳಗೊಳಗೇ ಬೈದಿದ್ದೆ. ಯಾರಾದರೂ ಕಣ್ಣಿಟ್ಟು ಕೂತರೆ ಕೈ ಎಷ್ಟು ತಡವರಿಸುತ್ತದೆ ಎಂದು ಆಕೆಯಿಂದ ಕಲಿತದ್ದು ಅಲ್ಲಿ ಉಪಯೋಗಕ್ಕೆ ಬಂತು. ಮೂರನೇ ದಿನ ಮಧ್ಯಾಹ್ನ ಸಾಹೇಬರು ಊಟದ ಡಬ್ಬಿ ಮುಚ್ಚಿ, ‘ಆ ಹೆಂಗಸಿಗೆ ಏನು ಬೇಕೋ ತೆಗೆದು ತೋರಿಸ್ರಿ ಮಾರಾಯ್ರೆ’ ಎಂದರು.

ಗುಮಾಸ್ತೆ ಒಬ್ಬಳು ಒಂದೊಂದೇ ಸಾಲು ಓದಿದಳು. ಒಳ್ಳೆಯ ಹುಡುಗಿ, ಬೆರಳಿಟ್ಟು ಓದಿದಳು. ಪ್ರತಿ ವರ್ಷ ಮೆಷೀನು ತಪಾಸಣೆ ಖರ್ಚು ಎಂದಿತ್ತು. ತಪಾಸಣೆಗೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ವಕೀಲರ ನೋಟಿಸಿನ ಖರ್ಚು ಎರಡು ಸಲ ಇತ್ತು. ಒಂದನ್ನು ಹಿರಿಯೂರಿನ ಯಾವುದೋ ದಸ್ತಗೀರ್ ಸಾಬರಿಗೆ ಕಳಿಸಿದ್ದರು. ಆ ಪುಣ್ಯಾತ್ಮ ತಾನು ಸಾಲವನ್ನೇ ಮಾಡಿಲ್ಲ ಎಂದು ಬರೆದ ಕಾಗದವೂ ನಮ್ಮ ಫೈಲಿನಲ್ಲೇ ಇತ್ತು. ಆತನ ಅಂಚೆ ಖರ್ಚನ್ನು ನಮ್ಮ ತಲೆಗೆ ಹಾಕದೆ ಬಿಟ್ಟದ್ದೇ ದೊಡ್ಡದು. ಸಹಿ ಚೀಟಿ ಮುಗಿದದ್ದನ್ನು ಯಾರೂ ತಿಳಿಸಲಿಲ್ಲ ಎಂಬುದನ್ನೂ ಆ ಹುಡುಗಿಯೇ ಬರೆದಳು. ಸುಳ್ಳು ಖರ್ಚು ಹೊಡೆದು ಹಾಕಿದರು. ಆ ಹದಿನಾಲ್ಕು ತಿಂಗಳ ದಂಡಬಡ್ಡಿ ಅರ್ಧ ಬಿಟ್ಟರು. ಹರಾಜು ನಿಲ್ಲಿಸಿ, ಉಳಿದದ್ದಕ್ಕೆ ಹೊಸ ಕಂತು ಮಾಡಿಕೊಟ್ಟರು. ಒಂದು ಕಂತು ತಪ್ಪಿದರೂ ಹರಾಜೇ ಎಂದು ಬರೆಸಿಕೊಂಡರು. ದೊಡ್ಡ ಗೆಲುವು ಎಂದುಕೊಳ್ಳಬೇಡಿ. ಧೂಳು ತೂಗಿಸಿಕೊಂಡೆ, ಅಷ್ಟೇ. ಹತ್ತಿ ಇನ್ನೂ ಅವರ ಹತ್ತಿರವೇ ಇತ್ತು.

ಕಂತಿಗೆ ದುಡ್ಡು ಎಲ್ಲಿಂದ? ಊರಿನಲ್ಲಿ ಫೋಮು ತುಂಬಿತ್ತು. ಮದುವೆ ಹಾಸಿಗೆಗೆ ಕೂಡ ಫೋಮೇ ಕೊಳ್ಳುತ್ತಿದ್ದರು. ನಮ್ಮ ಮೆಷೀನು ವಾರಕ್ಕೆ ಎರಡು ದಿನ ತಿರುಗಿದರೆ ಹೆಚ್ಚು. ಮೆಷೀನು ಮಾರಿದೆ. ಕೊಂಡ ಬೆಲೆ ಕೇಳಬೇಡಿ, ಮಾರಿದ್ದನ್ನೂ ಕೇಳಬೇಡಿ. ಆಮೇಲೆ ಮುಂದಿನ ಅಂಗಡಿಯನ್ನು ಬಾಡಿಗೆಗೆ ಕೊಟ್ಟೆ. ಕೊಟ್ಟದ್ದು ಹಿರಿಯೂರಿನಿಂದ ಬಂದ ಓಬಳೇಶನಿಗೆ. ಅವನು ಮಾರುವುದು ಫೋಮಿನ ಹಾಸಿಗೆ.

ಕೊಟ್ಟ ನಾಲ್ಕನೇ ದಿನ ಯಜಮಾನರು ಬಂದು ಹೇಳಿದರು.

‘ಲೇ, ನಮ್ಮ ಹೊಟ್ಟೆ ಮ್ಯಾಲೆ ಹೊಡೆದೋನ್ನ ನಮ್ಮ ಬಾಗಿಲಾಗೇ ಕೂರಿಸಿದ್ಯಲ್ಲೇ.’

‘ಬ್ಯಾರೆ ಬಾಗಿಲಾಗೆ ಕುಂತ್ರೆ ಬಾಡಿಗೆ ಬ್ಯಾರೆಯೋರಿಗೆ ಹೋಗ್ತೈತೆ. ನಂಗ್ ಬೇಕಾಗಿರಾದು ಬಾಡಿಗೆ.’

‘ನಮ್ಮಪ್ಪ ಇದ್ದಿದ್ರೆ...’

‘ನಿಮ್ಮಪ್ಪ ಮನೆ ಪತ್ರನ ಬ್ಯಾಂಕಿಗೆ ಇಟ್ಟಿರ್ಲಿಲ್ಲ.’

ಅವತ್ತಿನಿಂದ ಅವರು ಮುಂದಿನ ಬಾಗಿಲಲ್ಲಿ ಓಡಾಡಲಿಲ್ಲ. ಮಸೀದಿಗೆ ಹೋಗುವುದಾದರೂ ಹಿಂದಿನ ಗಲ್ಲಿ ಸುತ್ತಿಕೊಂಡೇ ಹೋದರು. ಬಿಲ್ಲು ಹೆಗಲಿಗೆ ಹಾಕಿ ಹಳ್ಳಿ ತಿರುಗಿದರು. ಮಾರಿಕಣಿವೆ ಕಡೆಗೂ ಹೋದರು, ಅಲ್ಲಿ ಇನ್ನೂ ಹತ್ತಿ ಬಡಿಸುವವರು ಇದ್ದರು. ನಾನು ಓಬಳೇಶನಿಗೇ ಹಾಸಿಗೆ ಕವರು, ದಿಂಬಿನ ಕವರು ಹೊಲಿದು ಕೊಟ್ಟೆ. ಅಂಚು ಹೊಲಿಯುವಾಗ ಒಳಗಿನ ಫೋಮನ್ನು ಕಿತ್ತು ನೋಡಿದೆ. ಬ್ರೆಡ್ಡು. ಹಳೆಯದಾದರೆ ಬಿಚ್ಚಿ ಹಿಂಜಲು ಬರುವುದಿಲ್ಲ, ಎಸೆಯಬೇಕು. ಇದಕ್ಕೆ ಜನ ಹತ್ತಿಯ ಮೂರರಷ್ಟು ಕೊಡುತ್ತಿದ್ದರು. ಓಬಳೇಶನಿಗೆ ಹೇಳಿದೆ, ನಕ್ಕ. ‘ಎಸೀಲಿ ಬಿಡಕ್ಕ. ಎಸೆದ್ರೆ ತಾನೆ ಇನ್ನೊಂದು ತಗಳಾದು?’ ಎಂದ. ವ್ಯಾಪಾರ ಎಂದರೆ ಇದು ಎಂದು ನನಗೆ ಆ ವಯಸ್ಸಿನಲ್ಲಿ ತಿಳಿಯಿತು. ನಾವು ನಲವತ್ತು ವರ್ಷ ಮಾಡಿದ್ದು ರಿಪೇರಿ.

ಒಂದು ದಿನ ಮಧ್ಯಾಹ್ನ ಓಬಳೇಶ ಊಟಕ್ಕೆ ಹೋಗುವಾಗ ಅಂಗಡಿ ನೋಡಿಕೊಳ್ಳಲು ಹೇಳಿದ್ದ. ನಾನು ಒಲೆಯ ಮೇಲಿದ್ದದ್ದನ್ನು ಇಳಿಸಿ ಮುಂದೆ ಬಂದರೆ, ತೋರಿಕೆಗೆ ಹಾಸಿದ್ದ ದಪ್ಪ ಫೋಮಿನ ಮೇಲೆ ಯಜಮಾನರು ಟೊಪ್ಪಿಗೆ ಮುಖದ ಮೇಲಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದರು. ಬಿಲ್ಲು ಹೊತ್ತು ಹೊತ್ತು ಅವರ ಸೊಂಟ ಹೋಗಿತ್ತು. ನಾನು ಕೆಮ್ಮಿದೆ. ಎದ್ದು ಕೂತರು.

‘ಎಷ್ಟು ಕೆಟ್ಟದಾಗಿ ಮಾಡ್ಯಾರೆ ಅಂತ ನೋಡ್ತಿದ್ದೆ.’

‘ನೋಡಿ ಆಯ್ತಾ?’

‘ಇನ್ನೊಂಚೂರು ನೋಡ್ಬೇಕು’ ಎಂದು ಮತ್ತೆ ಮಲಗಿದರು.

ಅವತ್ತಿನಿಂದ ಮುಂದಿನ ಬಾಗಿಲಲ್ಲೇ ಓಡಾಡಿದರು.

ಕೊನೆಯ ಕಂತು ಬಾಡಿಗೆ ದುಡ್ಡಿನಲ್ಲೇ ತೀರಿತು. ಪತ್ರ ವಾಪಸು ಕೊಡುವ ದಿನ ಇಬ್ಬರೂ ಬ್ಯಾಂಕಿಗೆ ಹೋದೆವು. ಲಕೋಟೆ ಕೊಟ್ಟರು, ಸಹಿ ಕೇಳಿದರು. ನಾನು ಅಲ್ಲೇ ಬಿಚ್ಚಿ ಎಣಿಸಿದೆ. ಹತ್ತು ಹಾಳೆ.

‘ಹನ್ನೊಂದು ಕೊಟ್ಟಿದ್ದೆ.’

‘ಇಷ್ಟೇ ಇರೋದಮ್ಮ. ಸಹಿ ಮಾಡಿ, ಸಿಕ್ಕರೆ ಫೋನ್ ಮಾಡ್ತೀವಿ.’

ಯಜಮಾನರು ಪೆನ್ನು ಕೈಗೆತ್ತಿಕೊಂಡಿದ್ದರು. ಕಸಿದುಕೊಂಡೆ. ಬೆಂಚು ಎಲ್ಲಿದೆ ಎಂದು ನೋಡಿದೆ. ಅಲ್ಲಿದ್ದವರಲ್ಲಿ ಯಾರಿಗೋ ನನ್ನ ಚಿತ್ರದುರ್ಗದ ಮೂರು ದಿನ ಗೊತ್ತಿತ್ತು. ನಾನು ಕೂರುವುದಕ್ಕೆ ಮುಂಚೆಯೇ ಬೀರು ತೆಗೆದರು. ಹನ್ನೊಂದನೇ ಹಾಳೆ ಇನ್ನೊಬ್ಬರ ಫೈಲಿನಲ್ಲಿತ್ತು. ನಮ್ಮ ಮನೆಯ ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿಗೆ ಯಾರ ಜಾಗ ಎಂದು ಬರೆದ ಹಾಳೆ ಅದೇ. ಅದಿಲ್ಲದೆ ಉಳಿದ ಹತ್ತರಲ್ಲಿ ಕಡಲೆಕಾಯಿ ಕಟ್ಟಬಹುದಿತ್ತು.

ಯಜಮಾನರು ತೀರಿಕೊಂಡು ಈಗ ಎರಡು ವರ್ಷ. ಕೊನೆಯವರೆಗೂ ಅವರು ಮಲಗಿದ್ದು ಹತ್ತಿ ಹಾಸಿಗೆಯ ಮೇಲೆಯೇ, ನಾನೇ ಹೊಲಿದದ್ದು. ಬಿಲ್ಲು ಗೋಡೆಗಿದೆ. ಮುಂದಿನ ಅಂಗಡಿಯಲ್ಲಿ ಓಬಳೇಶ ಇನ್ನೂ ಇದ್ದಾನೆ. ಹೋದ ತಿಂಗಳು ಚಹಾ ಕುಡಿಯಲು ಒಳಗೆ ಬಂದ.

‘ಅಕ್ಕಾ, ಊರ ಹೊರಗೆ ದೊಡ್ಡ ಷೋರೂಮ್ ಮಾಡ್ಬೇಕಂತ ಮಾಡೀನಿ. ಬ್ಯಾಂಕಿನೋರು ಇನ್ನೊಂದು ಆಧಾರ ಕೇಳ್ತಾರೆ. ನಿಮ್ಮ ಮನೆ ಪತ್ರ ಒಂದು ವರ್ಷದ ಮಟ್ಟಿಗೆ...’

‘ನಿನ್ನ ಮನೆ ಪತ್ರ ಎಲ್ಲೈತೆ?’

‘ಅದು ಆಗ್ಲೇ ಬ್ಯಾಂಕಿನಾಗೈತೆ.’

‘ಎಷ್ಟು ಹಾಳೆ?’

ಅವನಿಗೆ ಗೊತ್ತಿರಲಿಲ್ಲ. ‘ಪಿಗ್ಮಿ ಕಟ್ತೀಯಾ?’ ಎಂದೆ. ‘ಹ್ಞೂಂ ಅಕ್ಕ, ದಿನಾ ಕಟ್ತೀನಿ, ಸಾಲಕ್ಕೇ ಹೋಗ್ತೈತೆ’ ಎಂದ.

ಚಹಾ ಅಲ್ಲೇ ಬಿಡಿಸಿ ಬ್ಯಾಂಕಿಗೆ ಅಟ್ಟಿದೆ. ಪಾಸ್‌ಬುಕ್ಕು ಬರೆಸಿಕೊಂಡು, ಸಾಲು ಸಾಲು ಓದಿಸಿಕೊಂಡು, ಹಾಳೆ ಎಣಿಸಿಕೊಂಡು ಬಾ, ಓದಿ ಹೇಳುವವರೆಗೆ ಎದ್ದು ಬರಬೇಡ ಎಂದೆ. ಸಂಜೆಯವರೆಗೂ ಬರಲಿಲ್ಲ. ಅವನ ಅಂಗಡಿ ನಾನೇ ಕಾದೆ, ಎರಡು ದಿಂಬು ಮಾರಿದೆ.

ಪತ್ರ ಕೊಡಲಿಲ್ಲ, ಕೊಡುವುದೂ ಇಲ್ಲ. ಬ್ಯಾಂಕಿಗೆ ಎದ್ದು ಹೋಗುವಾಗ ಅವನ ಕಣ್ಣು ಒಂದು ಗಳಿಗೆ ನನ್ನ ಹಾಸಿಗೆಯ ಮೇಲೆ ನಿಂತದ್ದನ್ನು ನೋಡಿದೆ. ಎಷ್ಟು ಸಾವಿರ ಹಾಸಿಗೆ ಬಿಚ್ಚಿದ ಹೆಂಗಸು ನಾನು. ಅಲ್ಲಿ ಇಟ್ಟಿರುತ್ತೇನೆಯೇ? ಎಲ್ಲಿಟ್ಟಿದ್ದೇನೆ ಎಂದು ಇಲ್ಲಿ ಬರೆಯುವಷ್ಟು ಓದಿದವಳೂ ಅಲ್ಲ.